ಬೆಳ್ಳಿ ಏನೋ ಹೇಳುತ್ತಿದ್ದಳು

ಹೋದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ‘ಸಂಸ್ಕಾರ’ ಓದಿ ಹೇಳುತ್ತಿದ್ದೆ. ಹೊಯ್ಸಳರ ಕಾಲದ ಕೊಳ. ಹಳೇಬೀಡಿಗೆ ಬಂದವರಲ್ಲಿ ಹತ್ತಕ್ಕೊಬ್ಬರೂ ಇತ್ತ ಬರುವುದಿಲ್ಲ, ಹಾಗಾಗಿ ಓದುವುದಕ್ಕೆ ಒಳ್ಳೆಯ ಜಾಗ. ಅವ್ವನಿಗೆ ಅಕ್ಷರ ಬಾರದು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವಳು ನಾನೇ ಮೊದಲು. ಆದರೆ ಕತೆ ಕೇಳುವುದರಲ್ಲಿ ಅವ್ವನನ್ನು ಮೀರಿಸಿದವರಿಲ್ಲ. ಸೊಪ್ಪು ಬಿಡಿಸುತ್ತಾ ಕೂತಳೆಂದರೆ ಒಂದು ಮಾತೂ ತಪ್ಪಿಹೋಗದು.

ಶ್ರೀಪತಿ ಬೆಳ್ಳಿಯ ಹತ್ತಿರ ಹೋಗುವ ಭಾಗ ಬಂತು. ಅವ್ವನ ಮುಂದೆ ಇದನ್ನು ಹೇಗೆ ಓದುವುದಪ್ಪಾ ಎಂದು ಎರಡು ಪುಟ ಹಾರಿಸಲು ನೋಡಿದೆ. ‘ಯಾಕೆ ನಿಲ್ಲುಸ್ದೆ? ಓದು’ ಅಂದಳು. ಓದಿದೆ. ಎಲ್ಲ ಮುಗಿದ ಮೇಲೆ ಶ್ರೀಪತಿ ಅವಸರದಲ್ಲಿ ಬಟ್ಟೆ ಹಾಕಿಕೊಳ್ಳುತ್ತಿದ್ದಾನೆ. ಬೆಳ್ಳಿ ಹೇಳುತ್ತಿದ್ದಾಳೆ: ಎಂದೂ ಇಲ್ಲದ ಇಲಿಗಳು ಕೇರಿಯ ಗುಡಿಸಲಿಗೆ ನೆಂಟರ ಹಾಗೆ ಬರುತ್ತಿವೆ, ಸೂರಿನಿಂದ ಬಿದ್ದು ಸುತ್ತಿ ಸುತ್ತಿ ಸಾಯುತ್ತಿವೆ, ಜ್ವರ ಬಂದು ಜನ ಸತ್ತಿದ್ದಾರೆ. ಶ್ರೀಪತಿಗೆ ಕೇಳುವ ಮನಸ್ಸಿಲ್ಲ. ಇವಳ ಜತೆ ಮಲಗಬಹುದೇ ಹೊರತು ಮಾತಾಡಲಾಗದು, ಬಾಯಿ ಬಿಟ್ಟರೆ ದೆವ್ವ ಭೂತದ ಸುದ್ದಿಯೇ ಎಂದು ಅವನ ಲೆಕ್ಕ.

ಅವ್ವನ ಕೈ ನಿಂತಿತು. ‘ಅಯ್ಯೋ, ಪ್ಲೇಗು ಬಂದೈತೆ ಅಂತ ಯೋಳ್ತಾ ಅವ್ಳಲ್ಲವ್ವ ಆ ಹುಡ್ಗಿ! ಅವನು ಕಿವಿಗೆ ಆಕ್ಕಂಡಿದ್ರೆ ಇಡೀ ಅಗ್ರಾರ ಉಳ್ಕಳ್ತಿತ್ತು.’

ನಾನು ಪುಸ್ತಕ ಮುಚ್ಚಿದೆ. ಪದವಿಗೆ ಇದೇ ಕಾದಂಬರಿಯನ್ನು ಒಂದು ವರ್ಷ ಓದಿದ್ದೆ. ಬೆಳ್ಳಿ ಎಂದರೆ ಪ್ರಕೃತಿ, ಬೆಳ್ಳಿ ಎಂದರೆ ಜೀವಶಕ್ತಿ, ಒಣಗಿದ ಅಗ್ರಹಾರಕ್ಕೆ ಎದುರಾಗಿ ನಿಂತ ಫಲವತ್ತಾದ ನೆಲ ಎಂದು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಬೆಳ್ಳಿ ಏನು ಹೇಳಿದಳು ಎಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಸುಡುವವರು ಯಾರೆಂದು ಶಾಸ್ತ್ರದ ಓಲೆ ಮಗುಚುತ್ತಿದ್ದಾಗ, ರಣಹದ್ದು ಮಾಳಿಗೆಯ ಮೇಲೆ ಕೂತದ್ದಕ್ಕೆ ಶಾಂತಿ ಹುಡುಕುತ್ತಿದ್ದಾಗ, ರೋಗದ ಸುಳಿವು ಇದ್ದದ್ದು ಬೆಳ್ಳಿಯ ಬಾಯಲ್ಲಿ. ಅನಂತಮೂರ್ತಿಯವರು 1965ರಲ್ಲೇ ಅದನ್ನು ಅಲ್ಲಿ ಇಟ್ಟಿದ್ದಾರೆ, ಆ ಗೌರವ ಅವರಿಗೆ ಸಲ್ಲಬೇಕು. ಆದರೆ ಅರವತ್ತು ವರ್ಷ ಕಾದಂಬರಿಯನ್ನು ಅರೆದು ಕುಡಿದ ವಿಮರ್ಶಕ ಮಹಾಶಯರು ಶ್ರೀಪತಿಯ ಕಣ್ಣಿನಿಂದಲೇ ಬೆಳ್ಳಿಯನ್ನು ನೋಡಿದರು. ಎದೆ ನೋಡಿದರು, ಮಾತು ಕೇಳಲಿಲ್ಲ.

ಕಾದಂಬರಿಯೂ ಈ ದೋಷದಿಂದ ಪೂರ್ತಿ ಪಾರಾಗಿಲ್ಲ. ಆಚಾರ್ಯರು ಶಕುಂತಲೆಯ ವರ್ಣನೆ ಮಾಡುವುದನ್ನು ಕೇಳಿ ಮೈ ಬಿಸಿಯಾದ ಶ್ರೀಪತಿ ಎದ್ದು ಓಡುತ್ತಾನೆ, ಹೊಳೆಯಲ್ಲಿ ಬೆಳ್ಳಿ ಸಿಗುತ್ತಾಳೆ. ಕಾಳಿದಾಸನ ಸಂಸ್ಕೃತ ಕೇರಿಯ ಹೆಣ್ಣಿನ ಮೈಮೇಲೆ ಬಂದು ಇಳಿಯುತ್ತದೆ. ಮುಂದೆ ಚಂದ್ರಿಯ ಸಂಗದಿಂದ ಎಚ್ಚರಗೊಂಡ ಆಚಾರ್ಯರಿಗೂ ನೆನಪಾಗುವುದು ಬೆಳ್ಳಿಯ ಮೈ. ಬ್ರಾಹ್ಮಣರ ಹೆಂಡಿರೆಲ್ಲ ಒಣಗಿದವರು, ಜೋತುಬಿದ್ದವರು. ಕೇರಿಯವಳು, ಸೂಳೆಯವಳು ತುಂಬಿಕೊಂಡವರು. ಒಂದು ಕಡೆ ಬರೀ ಬರ, ಇನ್ನೊಂದು ಕಡೆ ಬರೀ ಹಸುರು. ಹಸುರಿಗೆ ಹಸಿವಿಲ್ಲವೆ? ಗದ್ದೆಯಲ್ಲಿ ದಿನವಿಡೀ ಬಗ್ಗಿ ಬಂದವಳಿಗೆ ಸೊಂಟ ನೋಯುವುದಿಲ್ಲವೆ? ಕೂಲಿಯ ಹೆಣ್ಣು ಮೂವತ್ತಕ್ಕೆ ಮುದುಕಿಯಾಗುತ್ತಾಳೆ ಎಂಬುದು ನಮ್ಮ ಕೇರಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನವ್ಯರ ಕಾದಂಬರಿಯಲ್ಲಿ ಮಾತ್ರ ಅವಳು ಎಂದೂ ಬಾಡದ ಬಳ್ಳಿ. ಇನ್ನು ಚಂದ್ರಿಯ ವಿಷಯ. ಗಂಡಸರೆಲ್ಲ ಧರ್ಮ ಚರ್ಚಿಸುತ್ತ ಕೂತಿದ್ದಾಗ ರಾತ್ರೋರಾತ್ರಿ ಮೀನಿನ ಸಾಬರ ಸಹಾಯ ಪಡೆದು ಹೆಣ ಸುಟ್ಟವಳು ಅವಳು. ಕಾದಂಬರಿಯ ಹೆಸರೇ ಆಗಿರುವ ಆ ಕೆಲಸ ಮಾಡಿ ಮುಗಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ, ಆಚಾರ್ಯರ ಹಿಂದೆ ಹೋಗುತ್ತದೆ.

ಕನ್ನಡದಲ್ಲಿ ಇದಕ್ಕೂ ಮುಂಚೆ ಒಬ್ಬ ಬೆಳ್ಳಿ ಇದ್ದಳು. 1933ರ ‘ಚೋಮನ ದುಡಿ’ಯಲ್ಲಿ ಚೋಮನ ಮಗಳು. ಎರಡು ದೊಡ್ಡ ಕಾದಂಬರಿಗಳು, ನಡುವೆ ಮೂವತ್ತೆರಡು ವರ್ಷ, ಕೇರಿಯ ಹುಡುಗಿಗೆ ಅದೇ ಹೆಸರು. ಆ ಬೆಳ್ಳಿ ಅಪ್ಪನ ಸಾಲ ತೀರಿಸಲು ತೋಟಕ್ಕೆ ದುಡಿಯಲು ಹೋಗುತ್ತಾಳೆ. ತೋಟದ ರೈಟರ ಮನ್ವೇಲನ ಕೈಗೆ ಸಿಗುತ್ತಾಳೆ. ಅವರಿಬ್ಬರನ್ನು ಒಟ್ಟಿಗೆ ಕಂಡ ಚೋಮ ಎದೆಯೊಡೆದು ದುಡಿ ಬಾರಿಸುತ್ತ ಸಾಯುತ್ತಾನೆ. ಓದಿದವರೆಲ್ಲ ಅಳುತ್ತಾರೆ, ನಾನೂ ಅತ್ತಿದ್ದೇನೆ. ಆದರೆ ಅತ್ತದ್ದು ಚೋಮನಿಗೆ. ಮನ್ವೇಲ ಬೆಳ್ಳಿಗೆ ಏನಾಗಿದ್ದ? ಸಾಲದ ಬಡ್ಡಿಯೆ? ಕಷ್ಟದಲ್ಲಿ ಸಿಕ್ಕ ಒಂದು ಒಳ್ಳೆಯ ಮಾತೆ? ನಿಜಕ್ಕೂ ಅವನು ಬೇಕಿತ್ತೆ? ಕಾರಂತರು ಅವಳ ಮನಸ್ಸಿನ ಹತ್ತಿರ ಸುಳಿಯುತ್ತಾರೆ, ನಿಲ್ಲುವುದು ಚೋಮನ ಪಕ್ಕ. ದುಡಿ ಚೋಮನದು. ಬೆಳ್ಳಿಗೆ ಬಾರಿಸಲು ಏನೂ ಇಲ್ಲ.

ಇದು ಇಬ್ಬರು ದೊಡ್ಡ ಲೇಖಕರ ಕೈತಪ್ಪು ಎಂದು ನಾನು ಹೇಳುತ್ತಿಲ್ಲ. ಜಾತಿ ಹೆಣ್ಣನ್ನು ಎರಡಾಗಿ ಸೀಳಿಟ್ಟಿದೆ. ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧವನ್ನು ನಮ್ಮ ಕಾರ್ಯಕರ್ತರು ಮತ್ತೆ ಮತ್ತೆ ಓದಬೇಕು. ಅವರಿಗಾಗ ಇಪ್ಪತ್ತೈದು ವರ್ಷ. ಜಾತಿ ಎಂದರೆ ಮೂಲದಲ್ಲಿ ಒಳಮದುವೆ, ಅದು ಉಳಿಯಬೇಕಾದರೆ ಗಂಡು ಹೆಣ್ಣಿನ ಲೆಕ್ಕ ಸರಿಹೋಗಬೇಕು. ಗಂಡ ಸತ್ತು ‘ಹೆಚ್ಚಾಗಿ ಉಳಿದ’ ಹೆಣ್ಣು ಜಾತಿಗೆ ಅಪಾಯ. ಅವಳನ್ನು ಸುಡಬೇಕು, ಇಲ್ಲವೇ ತಲೆ ಬೋಳಿಸಿ ಮೂಲೆಗೆ ಕೂರಿಸಬೇಕು. ಹೆಂಡತಿ ಸತ್ತ ಗಂಡಿಗೆ ಇನ್ನೂ ಮೈನೆರೆಯದ ಮಗುವನ್ನು ಕಟ್ಟಬೇಕು. ಸತಿ, ವಿಧವೆಯ ಕಟ್ಟು, ಬಾಲ್ಯವಿವಾಹ ಮೂರೂ ಒಂದೇ ಕಂಬಕ್ಕೆ ಕಟ್ಟಿದ ಹಗ್ಗಗಳು ಎಂದು ಆ ಹುಡುಗ ಆಗಲೇ ತೋರಿಸಿದ. ಹೆಣ್ಣಿನ ಬಯಕೆ ಅವಳ ಸ್ವಂತದ್ದಾದ ದಿನ ಜಾತಿಯ ಬೇಲಿ ಮುರಿಯುತ್ತದೆ. ಬೇಲಿ ಮುರಿದದ್ದಕ್ಕೆ ಬೆಲೆ ಏನೆಂಬುದನ್ನು ದೇವನೂರರ ‘ಕುಸುಮಬಾಲೆ’ 1984ರಲ್ಲಿ ತೋರಿಸಿತು: ಬಯಸಿದವಳು ಮೇಲಿನ ಮನೆಯ ಕುಸುಮ, ಕೊಲೆಯಾದವನು ಕೇರಿಯ ಚನ್ನ.

ಹೀಗಾಗಿ ದೊಡ್ಡ ಮನೆಯ ಹೆಣ್ಣಿಗೆ ‘ನಿನಗೆ ಬಯಕೆ ಇಲ್ಲ’ ಎಂದು ಕಲಿಸಿದರು. ಅವಳನ್ನು ಹಾಗೆ ಬೀಗ ಹಾಕಿಟ್ಟ ಗಂಡಸಿಗೆ ಒಂದು ಬಯಲು ಬೇಕಾಯಿತು. ಆ ಬಯಲಿಗೆ ‘ನಿನ್ನಲ್ಲಿ ಬಯಕೆ ಬಿಟ್ಟರೆ ಬೇರೇನಿಲ್ಲ’ ಎಂದರು. ಇಬ್ಬರನ್ನೂ ಕೇಳಿದವರಿಲ್ಲ. ಆದರೆ ಎರಡೂ ಒಂದೇ ಎಂದು ಯಾರಾದರೂ ಸ್ತ್ರೀವಾದಿ ಅಕ್ಕಂದಿರು ಹೇಳಿದರೆ ಒಪ್ಪಲಾರೆ. ಬೀಗದೊಳಗಿನವಳ ಮೈ ಮುಟ್ಟಿದರೆ ಊರು ಹೊತ್ತಿಕೊಳ್ಳುತ್ತದೆ. ಬಯಲಿನವಳ ಮೈ ಮುಟ್ಟಿದರೆ ‘ಅವಳೇ ಕರೆದಿರಬೇಕು’ ಎಂಬ ಒಂದು ಮಾತಿನಲ್ಲಿ ಪಂಚಾಯ್ತಿ ಮುಗಿಯುತ್ತದೆ. ಪಂಚಾಯ್ತಿ ಏಕೆ, ಕೋರ್ಟೂ ಅಷ್ಟೆ. 1972ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪೊಲೀಸ್ ಠಾಣೆಯೊಳಗೆ ಅತ್ಯಾಚಾರಕ್ಕೀಡಾದ ಆದಿವಾಸಿ ಹುಡುಗಿ ಮಥುರಾಳಿಗೆ ಸಂಭೋಗದ ರೂಢಿ ಇತ್ತು ಎಂದು ಕೆಳಗಿನ ಕೋರ್ಟು ಬರೆಯಿತು. ಹೈಕೋರ್ಟು ಶಿಕ್ಷೆ ಕೊಟ್ಟರೂ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟು ಕಳಿಸಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದು, ಹೆಣ್ಣುಮಕ್ಕಳು ಬೀದಿಗೆ ಬಂದ ಮೇಲೆ 1983ರಲ್ಲಿ ಕಾನೂನು ಬದಲಾಯಿತು. ‘ರೂಢಿ ಇತ್ತು’ ಎಂಬ ಆ ಮಾತೂ ನಮ್ಮ ಕಾದಂಬರಿಗಳ ‘ಜೀವಶಕ್ತಿ’ ಎಂಬ ಮಾತೂ ಒಂದೇ ಮನೆಯಲ್ಲಿ ಹುಟ್ಟಿದವು. ಒಂದು ಬೈಗುಳ, ಒಂದು ಹೊಗಳಿಕೆ, ಅಷ್ಟೇ ವ್ಯತ್ಯಾಸ.

ನಮ್ಮ ಸೀಮೆಯಲ್ಲಿ ಹೆಣ್ಣನ್ನು ನೋಡುವ ಕಲೆಗೆ ಒಂಬೈನೂರು ವರ್ಷದ ಇತಿಹಾಸವಿದೆ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಮದನಿಕೆಯರು ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿದ್ದಾರೆ, ಕೆಳಗಿನಿಂದ ಕತ್ತೆತ್ತಿ ನೋಡಬೇಕು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಕೋತಿ ಸೀರೆ ಎಳೆದಾಗ ಸಿಟ್ಟಾದವಳು. ಕೆತ್ತಿದ ಶಿಲ್ಪಿಗಳ ಹೆಸರು ಕಲ್ಲಿನಲ್ಲೇ ಇದೆ. ಬಳ್ಳಿಗಾವೆಯ ದಾಸೋಜನ ಹೆಸರು ಓದಿ ನನಗೂ ಖುಷಿಯಾಯಿತು, ಕೈಕಸುಬಿನವನೊಬ್ಬ ಸಹಿ ಹಾಕಿದ್ದಾನಲ್ಲ ಎಂದು. ಆದರೆ ಅವನ ಮುಂದೆ ನಿಂತವರು ಯಾರು? ಅವರ ಹೆಸರಿಲ್ಲ. ದರ್ಪಣ ಸುಂದರಿ, ಶುಕಭಾಷಿಣಿ ಎಂಬುವೆಲ್ಲ ನೋಡಿದವರು ಇಟ್ಟುಕೊಂಡ ಹೆಸರುಗಳು. ಡಿ.ವಿ.ಜಿ.ಯವರು ಈ ಮದನಿಕೆಯರ ಮೇಲೆ ‘ಅಂತಃಪುರ ಗೀತೆ’ ಕಟ್ಟಿದರು, ರಾಗ ಹಾಕಿ ಹಾಡುತ್ತಾರೆ, ಕಿವಿಗೆ ಇಂಪು. ಆ ಹೆಸರನ್ನೇ ನೋಡಿ. ಹೊರಗೋಡೆಯ ಮೇಲೆ ಗಾಳಿ ಬಿಸಿಲಿನಲ್ಲಿ ನಿಂತ ಅಷ್ಟೂ ಹೆಣ್ಣುಗಳನ್ನು ಒಳಗೆ ಕರೆದು ಒಬ್ಬನ ಅಂತಃಪುರ ಮಾಡಿಬಿಟ್ಟರು. ಕನ್ನಡಿ ನೋಡಿಕೊಳ್ಳುವವಳು ಕೇಶವನಿಗಾಗಿ ನೋಡಿಕೊಳ್ಳಬೇಕು, ಕುಣಿಯುವವಳು ಕೇಶವನಿಗಾಗಿ ಕುಣಿಯಬೇಕು. ತನಗಾಗಿ ಕನ್ನಡಿ ನೋಡಿಕೊಂಡಿರಬಹುದು ಎಂದು ಒಬ್ಬ ಹಿರಿಯ ಕವಿಗೆ ಹೊಳೆಯಲಿಲ್ಲ. 2023ರಲ್ಲಿ ಈ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೋಡುವ ಜನ ಇನ್ನೂ ಹೆಚ್ಚಾದರು.

ಅದರ ಮರುವರ್ಷವೇ ನಮ್ಮ ಹಾಸನ ಜಿಲ್ಲೆ ಇನ್ನೊಂದು ಥರ ನೋಡಿತು. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಪೆನ್‌ಡ್ರೈವ್‌ಗಳು ಬೀದಿ ಬೀದಿಯಲ್ಲಿ ಹರಿದಾಡಿದವು. ಆಗಿನ ಸಂಸದ ಪ್ರಜ್ವಲ್ ರೇವಣ್ಣನ ಮೇಲಿನ ಪ್ರಕರಣ ದೇಶಕ್ಕೇ ಗೊತ್ತು. ಮನೆಕೆಲಸದ ಹೆಂಗಸೊಬ್ಬಳು ಬಾಯಿಬಿಟ್ಟಳು, ಅವಳ ಸೀರೆ ಕೋರ್ಟಿನಲ್ಲಿ ಸಾಕ್ಷ್ಯವಾಯಿತು, 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅಪರಾಧಿಯ ಮಾತು ಅಲ್ಲಿಗೆ ಬಿಡೋಣ. ನನಗೆ ಮರೆಯಲಾಗದ್ದು ಆ ಏಪ್ರಿಲ್‌ನ ಬಸ್ಸು. ಫೋನಿನ ಮೇಲೆ ನಾಲ್ಕು ತಲೆ ಬಗ್ಗಿದ್ದವು. ‘ಇವಳು ಯಾರು, ಯಾವ ಊರು’ ಎಂದು ಗುರುತು ಹಿಡಿಯುವ ಆಟ. ಮಾಡಿದವನ ಬಗ್ಗೆ ಪಕ್ಷದ ಮಾತಾಡಿದರು, ಅವಳ ಬಗ್ಗೆ ನಡತೆಯ ಮಾತಾಡಿದರು. ಮಾನ ಹೋದದ್ದು ಅವಳದಂತೆ! ಆ ತಲೆಗಳಲ್ಲಿ ಒಂದು ನಮ್ಮ ಸಂಘಟನೆಯ ಹುಡುಗನದು. ಅವನ ಜೇಬಿನಲ್ಲಿ ಅಂಬೇಡ್ಕರ್ ಜಯಂತಿಯ ಕರಪತ್ರವಿತ್ತು.

ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯ ಮಾತನ್ನೂ ಆಡಲೇಬೇಕು, ಗೆಳೆಯರು ಬೇಸರಿಸಬಾರದು. ದಲಿತ ಬಂಡಾಯದ ಹಾಡು ಕೇಳುತ್ತ ಬೆಳೆದವಳು ನಾನು, ಅದಿಲ್ಲದಿದ್ದರೆ ಶುಂಠಿ ಹೊಲದಲ್ಲೇ ಇರುತ್ತಿದ್ದೆ. ಆದರೂ ಕೇಳುತ್ತೇನೆ: ನಮ್ಮ ಕಾವ್ಯದಲ್ಲಿ ನಮ್ಮ ಹೆಣ್ಣು ಯಾರು? ತಾಯಿ. ಇಲ್ಲವೇ ಅತ್ಯಾಚಾರಕ್ಕೀಡಾದ ತಂಗಿ. ಶ್ರೀಪತಿಗೆ ಬೆಳ್ಳಿ ಹಸುರು, ನಮಗೆ ಬೆಳ್ಳಿ ಗಾಯ. ಗಾಯ ನಿಜ, ಅದನ್ನು ಹಾಡದೆ ಇರಬಾರದಿತ್ತು. ಆದರೆ ಗಾಯಕ್ಕೆ ನಗು ಬರುವುದಿಲ್ಲ, ಗಾಯ ಯಾರನ್ನೂ ಇಷ್ಟಪಡುವುದಿಲ್ಲ. ನಾನೂ ಇಪ್ಪತ್ತರ ವಯಸ್ಸಿನಲ್ಲಿ ಅಂಥದೇ ಒಂದು ಕವಿತೆ ಬರೆದು ಸಮ್ಮೇಳನದಲ್ಲಿ ಓದಿ ಚಪ್ಪಾಳೆ ತೆಗೆದುಕೊಂಡೆ. ಆ ಕವಿತೆಯ ಹುಡುಗಿಗೆ ಹೆಸರಿರಲಿಲ್ಲ. ಸೀರೆ ಹರಿಯುವ ಮುಂಚೆ ಅವಳಿಗೆ ಯಾವ ಬಣ್ಣದ ಸೀರೆ ಇಷ್ಟವಿತ್ತೆಂದು ಬರೆದ ನನಗೇ ಗೊತ್ತಿರಲಿಲ್ಲ. ಸಭೆಯ ಹೊರಗಿನ ಮಾತೂ ಅಷ್ಟೆ. ಹುಡುಗ ಅಂತರ್ಜಾತಿ ಮದುವೆಯಾದರೆ ಸಂಘಟನೆಗೆ ಹೆಮ್ಮೆ, ಕರಪತ್ರ ಹೊಡೆಸುತ್ತಾರೆ. ಹುಡುಗಿ ಯಾರನ್ನೋ ಇಷ್ಟಪಟ್ಟಳೆಂದರೆ ‘ಸಂಘಟನೆಗೆ ಕೆಟ್ಟ ಹೆಸರು ತರಬೇಡವ್ವ’ ಎಂದು ಅಣ್ಣಂದಿರು ಕೂರಿಸಿ ಬುದ್ಧಿ ಹೇಳುತ್ತಾರೆ.

ಮತ್ತೆ ನಮ್ಮ ಹೆಣ್ಣುಗಳಿಗೆ ಈ ಮಾತು ಗೊತ್ತೇ ಇಲ್ಲವೆ? ರಾಗಿ ಹೊಲದಲ್ಲಿ ಕಳೆ ಕೀಳುವ ಸಾಲಿನಲ್ಲಿ ಒಮ್ಮೆ ಕೂತು ನೋಡಿ. ಹೊಸದಾಗಿ ಮದುವೆಯಾದವಳನ್ನು ಕಾಡುವ ರೀತಿ, ಗಂಡಂದಿರ ಕೈಲಾಗದ ಕತೆ, ಹಳೆಯ ಗೆಣೆಯನ ನೆನಪು, ಒಬ್ಬಳು ಹಾಡು ಎತ್ತಿದರೆ ಹತ್ತು ಜನ ಸೊಲ್ಲು ಕೊಟ್ಟು ನಗುವುದು. ಗಂಡಸು ಯಾರಾದರೂ ಬದುವಿನ ಮೇಲೆ ಕಂಡರೆ ಸಾಲು ಪೂರ್ತಿ ಗಪ್‌ಚಿಪ್. ನನಗೆ ಹೆಣ್ಣಿನ ಮೈಯ ಬಗ್ಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಸಾಲಿನಲ್ಲಿ ಕಲಿತದ್ದು. ಶಾಲೆ ಅದನ್ನು ಮರೆಸಲು ಬಹಳ ಶ್ರಮಪಟ್ಟಿತು. ನನ್ನ ಬಾಯಿಗೆ ಸೋಪು ಹಾಕಿ ತೊಳೆದು ‘ಹದಿಬದೆಯ ಧರ್ಮ’ ಕೊಟ್ಟಿತು. ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ನಿಂತ ಊಳಿಗದವಳು. ಹೆಣ್ಣನ್ನು ಹೀಗಳೆಯುವವರನ್ನು ಅವಳು ದಬಾಯಿಸುವ ಸಾಲುಗಳನ್ನು ಮೇಷ್ಟ್ರುಗಳು ಪಾಠ ಮಾಡುತ್ತಾರೆ, ಒಳ್ಳೆಯದು. ಉಳಿದ ಗ್ರಂಥವೆಲ್ಲ ಪತಿವ್ರತೆ ಹೇಗಿರಬೇಕೆಂಬ ಕಟ್ಟಳೆ. ಊಳಿಗದ ಹೆಣ್ಣಿಗೂ ಬರೆಯಲು ಸಿಕ್ಕ ಜಾಗ ಅಷ್ಟೆ.

ಅವಳಿಗಿಂತ ಐನೂರು ವರ್ಷ ಹಿಂದೆ ಒಬ್ಬಳು ಬೇರೆ ಥರ ಬರೆದಿದ್ದಳು. ಸೂಳೆ ಸಂಕವ್ವೆ. ಬೇಲೂರಿನ ಕಲ್ಲುಗಳು ಕೆತ್ತಿದ ಶತಮಾನದವಳೇ. ಸಿಕ್ಕಿರುವುದು ಒಂದೇ ಒಂದು ವಚನ. ಒಬ್ಬನಿಂದ ಒತ್ತೆ ಪಡೆದ ಮೇಲೆ ಇನ್ನೊಬ್ಬನಿಂದ ಪಡೆಯಬಾರದೆಂಬ ತನ್ನ ಕಸುಬಿನ ನಿಯಮವನ್ನೇ ಅವಳು ಭಕ್ತಿಯ ಮಾತು ಮಾಡಿದಳು. ಅಂಕಿತ ನಿರ್ಲಜ್ಜೇಶ್ವರ! ನಾಚಿಕೆ ಎಂಬುದನ್ನು ತನ್ನ ಮೈಮೇಲಿಂದ ತೆಗೆದು ದೇವರ ಹೆಸರಿನಲ್ಲಿ ಇಲ್ಲವಾಗಿಸಿದವಳ ಧೈರ್ಯ ಎಂಥದು. ಮದನಿಕೆಯರ ಸಾಲಿನಿಂದ ಒಬ್ಬಳು ಕೆಳಗಿಳಿದು ಬಂದು ಬಾಯಿಬಿಟ್ಟಂತೆ ನನಗೆ ಅನಿಸುತ್ತದೆ. ಅಕ್ಕನ ಬಗ್ಗೆ ಸಾವಿರಾರು ಪುಟ ಬಂದಿವೆ, ಉಡುತಡಿಯಿಂದ ಶ್ರೀಶೈಲದವರೆಗೆ. ಸಂಕವ್ವೆಯ ಹೆಸರು ಹೇಳಲು ನಮ್ಮ ಶಾಲೆಗಳಲ್ಲಿ ಈಗಲೂ ಕೆಮ್ಮುತ್ತಾರೆ.

ನಮ್ಮ ಕಾಲದಲ್ಲಿ ಈ ಬಾಯಿ ಮತ್ತೆ ತೆರೆದದ್ದು ದೂರವೇನಲ್ಲ, ಹಾಸನದಲ್ಲೇ. ಬಂಡಾಯದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹಾರ ಹಿಡಿದುಕೊಂಡು ಓಡಿದರು. ಹಾರ ಹಾಕಿದ ಎಷ್ಟು ಜನ ‘ಕರಿ ನಾಗರಗಳು’ ಓದಿದ್ದಾರೋ ಕಾಣೆ. 2004ರಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ‘ಹಸೀನಾ’ ಎಂದು ಸಿನಿಮಾ ಮಾಡಿದರು. ಬರೀ ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ನ್ಯಾಯ ಹೇಳಬೇಕಾದ ಮುತವಲ್ಲಿ ತಪ್ಪಿಸಿಕೊಳ್ಳುತ್ತಾನೆ. ಕತೆಯ ಕೊನೆಗೆ ಮುತವಲ್ಲಿಯ ಸ್ವಂತ ಹೆಂಡತಿ, ಸಾಲು ಹೆರಿಗೆಯಲ್ಲಿ ಸೋತವಳು, ಗಂಡನ ಅಪ್ಪಣೆ ಕಾಯದೆ ಆಪರೇಷನ್ ಮಾಡಿಸಿಕೊಳ್ಳಲು ಹೊರಟೇಬಿಡುತ್ತಾಳೆ. ಬಂಡಾಯ ಎಂದರೆ ಇಷ್ಟೇ ಸದ್ದಿಲ್ಲದ್ದೂ ಆಗಿರಬಹುದು ಎಂದು ನನಗೆ ಗೊತ್ತಾದದ್ದು ಆಗ. ಒಂದು ತಕರಾರು ಮಾತ್ರ ಇದೆ. ಬಾನು ಅವರ ಕತೆಗಳಲ್ಲೂ ಹೆಣ್ಣಿನ ಮೈ ಎಂದರೆ ಬಯಕೆಗಿಂತ ಬಸಿರು ಹೆಚ್ಚು, ಸುಖಕ್ಕಿಂತ ಸುಸ್ತು ಹೆಚ್ಚು. ಸುಸ್ತಿನ ಲೆಕ್ಕ ಮುಗಿಯದೆ ಸುಖದ ಮಾತು ಹೇಗೆ ಬರುತ್ತದೆ ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಆ ಕತೆಯನ್ನೂ ಅವ್ವನಿಗೆ ಓದಿದೆ, ಅದೇ ಕೊಳದ ಮೆಟ್ಟಿಲ ಮೇಲೆ. ಕೊನೆ ಬಂದಾಗ ‘ಗಂಡನ್ನ ಕೇಳ್ದೆ ಓದ್ಳಾ?’ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ತಾನು ಆಪರೇಷನ್ ಮಾಡಿಸಿಕೊಂಡ ಕತೆ ಹೇಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ನನ್ನ ತಮ್ಮ ಹುಟ್ಟಿ ಆರು ತಿಂಗಳಾಗಿತ್ತು, ಕ್ಯಾಂಪಿನಲ್ಲಿ ಸಾಲಾಗಿ ನೆಲದ ಮೇಲೆ ಮಲಗಿಸಿದ್ದರು, ಮೂರನೇ ದಿನಕ್ಕೆ ಆಲೂಗಡ್ಡೆ ಹೊಲಕ್ಕೆ ಹೋದಳು. ಹೊಟ್ಟೆ ಎಳೆಯುತ್ತಿತ್ತಂತೆ.

‘ಸಾನೆ ನೋವಾಯ್ತಾ ಅವ್ವ?’ ಅಂದೆ.

‘ನೋವು ಬಿಡು. ಅದ್ರು ಮುಂಚೆ ನಿಮ್ಮಪ್ಪ ಅತ್ರ ಬಂದ್ರೆ ಎದೆ ಡವಡವ ಅನ್ನೋದು, ಇನ್ನೊಂದಾಗ್ಬುಟ್ರೆ ಅಂತ. ಆಪ್ರೇಸನ್ ಆದ್ಮೇಲೆ ಆ ಭಯ ವೋಯ್ತು ಕಣವ್ವ. ಆಮೇಲೆ…’

ಸೊಪ್ಪಿನ ಕಡ್ಡಿಯನ್ನು ನೀರಿಗೆ ಎಸೆದು ಅವ್ವ ನಕ್ಕಳು. ಕಳೆ ಕೀಳುವ ಸಾಲಿನ ನಗು. ನಾನು ಪುಸ್ತಕ ಕೆಳಗಿಟ್ಟು ಅವಳ ಕಡೆ ತಿರುಗಿ ಕೂತೆ.